ಕಲ್ಲಿಲ್ಲದ ಸಮಾಧಿಗೂ ದಾಖಲೆ ಇದೆ: ಮುಂಬೈಯಲ್ಲಿ ಮಣ್ಣಾದ ಹಿರಿಯರನ್ನು ಹುಡುಕುವ ದಾರಿ

ಕರಾವಳಿಯ, ಧಾರವಾಡ-ಗದಗ ಕಡೆಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ "ಬೊಂಬಾಯಿಗೆ ಹೋಗಿ ಅಲ್ಲೇ ತೀರಿಕೊಂಡವರು" ಒಬ್ಬರಾದರೂ ಇರುತ್ತಾರೆ. ಹೋಟೆಲಿನಲ್ಲಿ ಅಡುಗೆಗೆ ನಿಂತವರು, ಹಡಗಿನ ಕೆಲಸದವರು, ಟೈಲರುಗಳು, ಸಾಹೇಬರ ಮನೆಯ ಆಯಾಗಳು, ಗಿರಣಿಗೆ ಸೇರಿದವರು. ಊರಿಗೆ ಒಂದು ತಂತಿ ಬಂತು, ಮನೆಯಲ್ಲಿ ಅತ್ತರು, ಅಲ್ಲಿಗೆ ಮುಗಿಯಿತು. ಎಲ್ಲಿ ಮಣ್ಣು ಮಾಡಿದರು ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಈಗ ಇಲ್ಲ.

ಮೊಮ್ಮಕ್ಕಳ ಕಾಲದಲ್ಲಿ ಯಾರಿಗೋ ಅವರನ್ನು ಹುಡುಕಬೇಕು ಅನಿಸುತ್ತದೆ. ಮುಂಬೈಯ ಶಿವಡಿಯಲ್ಲಿರುವ ದೊಡ್ಡ ಕ್ರೈಸ್ತ ಸ್ಮಶಾನಕ್ಕೆ ಹೋಗಿ ಕಲ್ಲುಗಳ ಮೇಲಿನ ಹೆಸರು ಓದುತ್ತಾ ನಡೆಯುತ್ತಾರೆ. ಏನೂ ಸಿಗುವುದಿಲ್ಲ. ಬೇಸರದಿಂದ ವಾಪಸ್ ಬರುತ್ತಾರೆ. ಬಡವರ ಸಮಾಧಿಗೆ ಕಲ್ಲು ಇರುತ್ತಿರಲಿಲ್ಲ, ಅಲ್ವಾ? ಆದರೆ ಒಬ್ಬ ಮನುಷ್ಯನನ್ನು ಮಣ್ಣು ಮಾಡುವಾಗ ಇಗರ್ಜಿಯವರು, ಅಂದರೆ ಚರ್ಚಿನವರು, ಒಂದು ಸಾಲು ಬರೆದರು, ಸ್ಮಶಾನದವರು ಒಂದು ಸಾಲು ಬರೆದರು, ಮುನಿಸಿಪಾಲಿಟಿಯವರು ಇನ್ನೊಂದು ಸಾಲು ಬರೆದರು. ಈ ಮೂರರಲ್ಲಿ ಒಂದಾದರೂ ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಹುಡುಕಬೇಕಾದ್ದು ಆ ಸಾಲನ್ನು.

ಇದನ್ನು ಮುಖ್ಯವಾಗಿ ಕ್ರೈಸ್ತ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮುಸ್ಲಿಂ, ಲಿಂಗಾಯತ ಮನೆಗಳಿಗೂ ಬೇಕಾದ ಮಾತುಗಳು ಮುಂದೆ ಇವೆ.

ಕಾಮನ್ ಗ್ರೇವ್ ಹೇಗೆ ನಡೆಯುತ್ತಿತ್ತು

ಇದನ್ನು ಮೊದಲು ತಿಳಿದುಕೊಂಡರೆ ಮುಂದೆ ಸುಮ್ನೆ ಓಡಾಡುವುದು ತಪ್ಪುತ್ತದೆ.

ಮುಂಬೈ ದ್ವೀಪದಲ್ಲಿ ಜಾಗ ಯಾವತ್ತೂ ಸಾಲದು. ಮರೀನ್ ಲೈನ್ಸ್ ಬಳಿಯ ಸೋನಾಪುರದ ಹಳೆ ಕ್ರೈಸ್ತ ಸ್ಮಶಾನ ತುಂಬಿಹೋದಾಗ, 1865ರ ಸುಮಾರಿಗೆ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್ ಶಿವಡಿಯಲ್ಲಿ ಹೊಸ ಸ್ಮಶಾನಕ್ಕೆ ಜಾಗ ಮಾಡಿಸಿದರು. ಅದಕ್ಕೂ ಮೊದಲು ಅಲ್ಲಿ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟ ಇತ್ತು. ವಿಕ್ಟೋರಿಯಾ ಟರ್ಮಿನಸ್ ವಿನ್ಯಾಸ ಮಾಡಿದ ಎಫ್. ಡಬ್ಲ್ಯು. ಸ್ಟೀವನ್ಸ್ 1900ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಇಲ್ಲೇ. ಅಂಥವರ ಸಮಾಧಿಗಳ ಸುತ್ತಮುತ್ತ ಹೆಸರು ಕಾಣದ ಸಾವಿರಾರು ಜನ ಇದ್ದಾರೆ.

ಸಮಾಧಿಯಲ್ಲಿ ಎರಡು ಬಗೆ. ಒಂದು ಕುಟುಂಬದವರು ದುಡ್ಡು ಕೊಟ್ಟು ಪಡೆದ ಪರ್ಮನೆಂಟ್ ಗ್ರೇವ್. ಇನ್ನೊಂದು ತಾತ್ಕಾಲಿಕ, ಅಂದರೆ ಕಾಮನ್ ಗ್ರೇವ್. ಇದರಲ್ಲಿ ಒಂದು ಅವಧಿ ಮುಗಿದ ಮೇಲೆ ಗುಂಡಿ ತೆರೆದು ಎಲುಬುಗಳನ್ನು ಹೊರತೆಗೆಯುತ್ತಾರೆ. ಮುಂಬೈಯ ಕ್ಯಾಥೊಲಿಕ್ ಸ್ಮಶಾನಗಳಲ್ಲಿ ಈ ಅವಧಿ ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು. ಮನೆಯವರು ಕೇಳಿದರೆ ಎಲುಬುಗಳನ್ನು ಗೋಡೆಯ ಗೂಡಿನಲ್ಲಿಟ್ಟು ಹೆಸರಿನ ಹಲಗೆ ಹಾಕುತ್ತಾರೆ. ಇದನ್ನು ಇಲ್ಲಿ ಎಲ್ಲರೂ ನಿಶ್ ಅನ್ನುತ್ತಾರೆ. ಕೇಳುವವರು ಇಲ್ಲದಿದ್ದರೆ ಎಲುಬಿನ ಬಾವಿಗೆ ಹಾಕುತ್ತಾರೆ. ಅದೇ ಗುಂಡಿ ಮತ್ತೊಬ್ಬರಿಗೆ ಹೋಗುತ್ತದೆ.

ಹಾಗಾಗಿ ಗುಂಡಿಯ ನಂಬರ್ ಸಿಕ್ಕರೂ ನಿಮ್ಮ ದೊಡ್ಡಜ್ಜ ಈಗ ಆ ಗುಂಡಿಯಲ್ಲಿ ಇರುವುದಿಲ್ಲ. ಕೇಳಲು ಕಷ್ಟದ ಮಾತು. ಆದರೂ ಹುಡುಕುವ ಮೊದಲೇ ಮನೆಯವರಿಗೆ, ಮುಖ್ಯವಾಗಿ ವಯಸ್ಸಾದವರಿಗೆ, ಇದನ್ನು ಮೆಲ್ಲಗೆ ಹೇಳಿಡಿ. ಸ್ಮಶಾನದ ಕಚೇರಿಯಲ್ಲಿ ನಿಂತು ಮೊದಲ ಸಲ ಕೇಳಿದರೆ ತುಂಬಾ ನೋವಾಗುತ್ತದೆ. ಅವರು ಆ ಸ್ಮಶಾನದ ಮಣ್ಣಿನಲ್ಲಿ ಇದ್ದಾರೆ ಎಂದು ತಿಳಿಯುವುದೂ ದೊಡ್ಡ ವಿಷಯವೇ ಎಂದು ನಾನು ಪೂರ್ತಿ ನಂಬುತ್ತೇನೆ.

ಹಂತ 1: ಮನೆಯಲ್ಲೇ ಶುರು ಮಾಡಿ

ಹುಡುಕಾಟದ ಅರ್ಧ ಕೆಲಸ ಊರಿನ ಮನೆಯಲ್ಲಿ ಆಗುತ್ತದೆ. ಟಿಕೆಟ್ ಮಾಡಿಸಲು ಅವಸರ ಬೇಡ. ನಿಮಗೆ ಬೇಕಾದ್ದು ನಾಲ್ಕು ವಿಷಯ: ದಾಖಲೆಯಲ್ಲಿ ಇರಬಹುದಾದ ಹೆಸರು, ಸತ್ತ ಕಾಲ, ಮುಂಬೈಯಲ್ಲಿ ಇದ್ದ ಜಾಗ, ಯಾವ ಕ್ರೈಸ್ತ ಸಭೆಗೆ (ಕ್ಯಾಥೊಲಿಕ್, ಪ್ರೊಟೆಸ್ಟೆಂಟ್) ಸೇರಿದವರು ಎಂಬುದು.

ಹಿರಿಯರನ್ನು "ಯಾವ ವರ್ಷ?" ಎಂದು ಕೇಳಿದರೆ "ಗೊತ್ತಿಲ್ಲ ಮಗಾ" ಎಂಬ ಉತ್ತರ ಬರುತ್ತದೆ. ಬೇರೆ ತರ ಕೇಳಿ. "ಅಜ್ಜಿ, ಸುದ್ದಿ ಬಂದಾಗ ಮಳೆಗಾಲವಾ? ನಾಟಿ ಆಗಿತ್ತಾ?" "ಆಗ ಚಿಕ್ಕಪ್ಪ ಹುಟ್ಟಿದ್ದರಾ?" "ಮನೆಗೆ ಹೆಂಚು ಹಾಕಿಸಿದ್ದು ಅದಕ್ಕಿಂತ ಮುಂಚೆಯಾ, ಆಮೇಲಾ?" ಹೀಗೆ ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ನಡುವೆ ಬಾಯಿ ಹಾಕಿ ತಿದ್ದಬೇಡಿ. ತಪ್ಪು ಅನಿಸಿದ ಮಾತಿನಲ್ಲೂ ಒಂದು ಸುಳಿವು ಇರಬಹುದು.

ಆಮೇಲೆ ಪೆಟ್ಟಿಗೆ ತೆಗೆಯಿರಿ. ಹಳೆ ಬೈಬಲ್ ಮತ್ತು ಪ್ರಾರ್ಥನೆ ಪುಸ್ತಕದ ಮೊದಲ ಪುಟ, ಕೊನೆಯ ಪುಟ ನೋಡಿ. ಹುಟ್ಟು, ಮದುವೆ, ಸಾವಿನ ತಾರೀಕುಗಳನ್ನು ಅಲ್ಲಿ ಬರೆದಿಡುವ ರೂಢಿ ಇತ್ತು. ಫೋಟೋದ ಹಿಂದೆ ಸ್ಟುಡಿಯೋದ ಹೆಸರು, ವಿಳಾಸ ಇರುತ್ತದೆ. ಕಾಗದಗಳಿದ್ದರೆ ಒಳಗಿನ ಬರಹ ಓದುವ ಮೊದಲು ಟಪಾಲು ಮುದ್ರೆ ನೋಡಿ. ಮಜಗಾಂವ್, ಬೈಕಲಾ, ಗಿರ್ಗಾಂವ್, ದಾದರ್ ಎಂದು ಯಾವುದೋ ಪೋಸ್ಟ್ ಆಫೀಸಿನ ಹೆಸರು, ಜೊತೆಗೆ ತಾರೀಕು ಸಿಗುತ್ತದೆ. ಮನಿ ಆರ್ಡರ್ ಚೀಟಿಯೂ ಅಷ್ಟೇ ಉಪಯೋಗಿ. ಕೊನೆಯ ಮನಿ ಆರ್ಡರ್ ಬಂದ ತಿಂಗಳು ಸಾವಿನ ಕಾಲಕ್ಕೆ ಹತ್ತಿರ ಇರುತ್ತದೆ.

ವರ್ಷ ಗೊತ್ತಿಲ್ಲದಿದ್ದರೆ ಊರಿನ ಇಗರ್ಜಿಯ ದಾಖಲೆಗಳಿಂದ ಅದನ್ನು ಎರಡು ಕಡೆಯಿಂದ ಬಿಗಿ ಮಾಡಬಹುದು. ಅವರ ಕೊನೆಯ ಮಗುವಿನ ಜ್ಞಾನಸ್ನಾನದ ದಾಖಲೆ ತೆಗೆಸಿ. ಆಗ ಅವರು ಹೆಚ್ಚಾಗಿ ಬದುಕಿದ್ದಿರುತ್ತಾರೆ. ಮಗಳ ಮದುವೆ ದಾಖಲೆಯಲ್ಲಿ "ದಿವಂಗತ ಇಂಥವರ ಮಗಳು" ಎಂದಿದ್ದರೆ ಆ ಹೊತ್ತಿಗೆ ಅವರು ಇಲ್ಲ. ಹೆಂಡತಿ ಮರುಮದುವೆ ಆಗಿದ್ದರೆ ಇನ್ನೂ ಒಳ್ಳೆಯದು, ಅಲ್ಲಿ "ಇಂಥವರ ವಿಧವೆ" ಎಂದು ಬರೆಯಲೇಬೇಕಿತ್ತು. ಹೀಗೆ ಮೂವತ್ತು ವರ್ಷದ ಹುಡುಕಾಟ ಐದಾರು ವರ್ಷಕ್ಕೆ ಇಳಿಯುತ್ತದೆ. ಮೂವತ್ತು ವರ್ಷದ ರಿಜಿಸ್ಟರ್ ತೆಗೆದುಕೊಡಲು ಯಾವ ಕಚೇರಿಯವರೂ ಒಪ್ಪುವುದಿಲ್ಲ. ಐದು ವರ್ಷ ಎಂದರೆ ಒಪ್ಪುತ್ತಾರೆ.

ಮನೆಯಲ್ಲಿ "ಪ್ಲೇಗಿನ ಕಾಲ", "ಜ್ವರದ ವರ್ಷ", "ಡಾಕ್ ಸ್ಫೋಟ" ಎಂಬ ಮಾತು ಬಂದರೆ ಕಿವಿಗೊಡಿ. ಮುಂಬೈ ಪ್ಲೇಗನ್ನು ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಗುರುತಿಸಿದ್ದು 1896ರ ಸೆಪ್ಟೆಂಬರಿನಲ್ಲಿ. ಮುಂದೆ ಹಲವು ವರ್ಷ ಅದು ಮತ್ತೆ ಮತ್ತೆ ಬಂತು. ಇನ್‌ಫ್ಲುಯೆಂಜಾ ಬಂದದ್ದು 1918ರಲ್ಲಿ. ವಿಕ್ಟೋರಿಯಾ ಡಾಕ್‌ನಲ್ಲಿ ಹಡಗು ಸಿಡಿದದ್ದು 1944ರ ಏಪ್ರಿಲ್ 14ರಂದು. ಇಂಥ ಕಾಲದಲ್ಲಿ ಹೆಣಗಳು ಒಟ್ಟಿಗೆ ಬಂದವು. ಬರೆಯುವವರಿಗೆ ಪುರುಸೊತ್ತು ಇರಲಿಲ್ಲ. ದಾಖಲೆಯಲ್ಲಿ ವಯಸ್ಸು ಅಂದಾಜಿನದು, ಊರಿನ ಹೆಸರು ಬಿಟ್ಟುಹೋಗಿರಬಹುದು. ಹೊಂದಿಸುವಾಗ ಸ್ವಲ್ಪ ಸಡಿಲ ಬಿಡಿ.

ಹಂತ 2: ಹೆಸರಿನ ಎಲ್ಲ ರೂಪಗಳನ್ನೂ ಬರೆದುಕೊಳ್ಳಿ

ಮನೆಯಲ್ಲಿ ಕರೆಯುತ್ತಿದ್ದ ಹೆಸರು ರಿಜಿಸ್ಟರಿನಲ್ಲಿ ಇರುವುದಿಲ್ಲ. ಕೊಂಕಣಿಯ ಜುವಾಂವ್ ಪೋರ್ಚುಗೀಸ್ ದಾಖಲೆಯಲ್ಲಿ ಜುಆಂವ್, ಲ್ಯಾಟಿನ್‌ನಲ್ಲಿ ಯೊವಾನೆಸ್, ಇಂಗ್ಲಿಷಿನಲ್ಲಿ ಜಾನ್. ಪೆದ್ರು ಪೆತ್ರುಸ್ ಆಗುತ್ತಾರೆ, ಪೀಟರ್ ಆಗುತ್ತಾರೆ. ಬಸ್ತ್ಯಾಂವ್ ಸೆಬಾಸ್ಟಿಯನ್, ಕಾಯ್ತಾನ್ ಕಜೆತಾನುಸ್. ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ನಿಗೆ ಸೇರಿದ ಮನೆತನಗಳಲ್ಲಿ ಜತ್ತನ್ನ, ಸೋನ್ಸ್, ಅಮ್ಮಣ್ಣ ಮುಂತಾದ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಬರೆಯುವವರ ಕಿವಿಗೆ ಕೇಳಿದ ಹಾಗೆ ಅಕ್ಷರ ಬಿದ್ದಿರುತ್ತದೆ. ಒಂದು ಟಿ, ಎರಡು ಟಿ, ಟಿ ಮುಂದೆ ಎಚ್, ಎಲ್ಲವನ್ನೂ ಪಟ್ಟಿ ಮಾಡಿ.

ಇನ್ನೊಂದು ತೊಡಕು ಇದೆ. ಮಂಗಳೂರು ಕ್ಯಾಥೊಲಿಕರಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ವಾಡಿಕೆ. ಅದಕ್ಕೇ ಒಂದೇ ಮನೆತನದಲ್ಲಿ ಮೂರು ಜಾನ್ ಡಿಸೋಜ ಇರುತ್ತಾರೆ. ಹೆಸರು ಮಾತ್ರ ಕೂಡಿದರೆ ಸಾಲದು. ತಂದೆಯ ಹೆಸರು, ಹೆಂಡತಿಯ ಹೆಸರು, ಊರು, ಇವುಗಳಲ್ಲಿ ಇನ್ನೂ ಎರಡಾದರೂ ಕೂಡಬೇಕು. ಹೆಂಗಸರನ್ನು ಹುಡುಕುವಾಗ ಗಂಡನ ಹೆಸರಿನಲ್ಲೇ ನೋಡಿ. ಆಯಾ ಕೆಲಸಕ್ಕೆ ಇದ್ದವರ ಹೆಸರಿನ ಮುಂದೆ ಮನೆತನದ ಹೆಸರು ಇಲ್ಲದೇ ಹೋಗಬಹುದು, "ಮರಿಯಾ, ಆಯಾ" ಎಂದಷ್ಟೇ ಇರಬಹುದು. ನನಗೆ ಈ ಹುಡುಕಾಟದಲ್ಲಿ ಅತಿ ಹೆಚ್ಚು ಸಂಕಟ ಕೊಡುವುದು ಇಂಥ ಸಾಲುಗಳು.

ಹಂತ 3: ಯಾವ ಇಗರ್ಜಿ?

ಸ್ಮಶಾನಕ್ಕಿಂತ ಮೊದಲು ಇಗರ್ಜಿಗೆ ಹೋಗಬೇಕು. ಕಾರಣ ಸರಳ. ಸತ್ತವರ ಧರ್ಮಕೇಂದ್ರ (ಪ್ಯಾರಿಷ್) ಯಾವುದೋ ಅಲ್ಲಿನ ಪಾದ್ರಿ ಸಂಸ್ಕಾರ ಮಾಡಿಸಿ ತಮ್ಮ ಮರಣ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಮಣ್ಣು ಮಾಡುವುದು ಬೇರೆಲ್ಲೋ ಆಗಿದ್ದರೆ ಆ ಸ್ಮಶಾನದ ಹೆಸರನ್ನೂ ಅಲ್ಲೇ ಬರೆಯುತ್ತಿದ್ದರು. ಸ್ಮಶಾನದ ರಿಜಿಸ್ಟರ್ ಇಡೀ ನಗರದ್ದು, ಇಗರ್ಜಿಯದ್ದು ಒಂದು ಕೇರಿಯದ್ದು. ಚಿಕ್ಕದರಲ್ಲಿ ಹುಡುಕುವುದು ಸುಲಭ.

ಟಪಾಲು ಮುದ್ರೆಯೋ ವಿಳಾಸವೋ ಸಿಕ್ಕಿದ್ದರೆ ಆ ಕೇರಿಯ ಹಳೆ ಇಗರ್ಜಿಗಳನ್ನು ಗುರುತು ಮಾಡಿ. ಮಜಗಾಂವ್ ಎಂದರೆ ಗ್ಲೋರಿಯಾ ಚರ್ಚ್. ಅದು ಈಗ ಬೈಕಲಾದಲ್ಲಿದೆ, ಮಜಗಾಂವ್‌ನ ಹಳೆ ಕಟ್ಟಡ ಹೋಗಿ 1910ರ ದಶಕದಲ್ಲಿ ಹೊಸದು ಎದ್ದಿತು. ಮರೀನ್ ಲೈನ್ಸ್ ಕಡೆ ಸೋನಾಪುರದ ಅವರ್ ಲೇಡಿ ಆಫ್ ಡೋಲರ್ಸ್, ಗಿರ್ಗಾಂವ್‌ನಲ್ಲಿ ಸೇಂಟ್ ತೆರೇಸಾ, ದಾದರಿನಲ್ಲಿ ಎಲ್ಲರೂ ಪೋರ್ಚುಗೀಸ್ ಚರ್ಚ್ ಎನ್ನುವ ಅವರ್ ಲೇಡಿ ಆಫ್ ಸಾಲ್ವೇಶನ್, ಮಾಹಿಮ್‌ನಲ್ಲಿ ಸೇಂಟ್ ಮೈಕಲ್. ಉಪನಗರಗಳ ಇಗರ್ಜಿಗಳಲ್ಲಿ ಹಲವಕ್ಕೆ ಸ್ವಂತ ಸ್ಮಶಾನವಿದೆ. ಬಾಂದ್ರಾದ ಸೇಂಟ್ ಆಂಡ್ರೂಸ್ ಹಾಗೆ. ಅಲ್ಲಿ ಎರಡೂ ದಾಖಲೆ ಒಂದೇ ಕಡೆ ಸಿಗುವ ಅನುಕೂಲ ಇದೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. 1928ರವರೆಗೆ ಮುಂಬೈಯ ಕ್ಯಾಥೊಲಿಕ್ ಇಗರ್ಜಿಗಳು ಎರಡು ಆಡಳಿತದಲ್ಲಿ ಹಂಚಿಹೋಗಿದ್ದವು. ಕೆಲವು ಪದ್ರುವಾದೊ, ಅಂದರೆ ಪೋರ್ಚುಗೀಸ್ ಸರ್ಕಾರದ ಪೋಷಣೆಯ ಹಕ್ಕಿನ ಅಡಿಯಲ್ಲಿ, ಕೆಲವು ಪ್ರೊಪಗಾಂಡ, ಅಂದರೆ ಮಿಷನ್‌ಗಳನ್ನು ನೋಡಿಕೊಳ್ಳುವ ರೋಮಿನ ಕಚೇರಿಯ ಅಡಿಯಲ್ಲಿ. ಒಂದೇ ಕೇರಿಯಲ್ಲಿ ಎರಡೂ ಕಡೆಯ ಇಗರ್ಜಿಗಳು ಇದ್ದವು. ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಬಿಷಪರ ಕೆಳಗೆ ಇದ್ದರು. ಅದಕ್ಕೇ ಹತ್ತಿರದ ಇಗರ್ಜಿಯಲ್ಲಿ ಹೆಸರು ಸಿಗಲಿಲ್ಲ ಎಂದು ಕೈ ಬಿಡಬೇಡಿ. ಆಚೆ ರಸ್ತೆಯ ಇಗರ್ಜಿಯಲ್ಲೂ ಕೇಳಿ. ಪದ್ರುವಾದೊ ಕಡೆಯವರ ಹಳೆ ದಾಖಲೆ ಪೋರ್ಚುಗೀಸಿನಲ್ಲಿ ಇರಬಹುದು, ಇನ್ನೊಂದು ಕಡೆಯದು ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ.

ಪ್ರೊಟೆಸ್ಟೆಂಟರ ದಾರಿ ಬೇರೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಆಮೇಲೆ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಗೆ ಹರಡಿತು. ಧಾರವಾಡ, ಬೆಳಗಾವಿ ಭಾಗ ಬೊಂಬಾಯಿ ಪ್ರಾಂತ್ಯದಲ್ಲೇ ಇದ್ದುದರಿಂದ ಅಲ್ಲಿಂದ ಮುಂಬೈಗೆ, ಪುಣೆಗೆ ಹೋಗುವುದು ಬೇರೆ ರಾಜ್ಯಕ್ಕೆ ಹೋದಂತೆ ಇರಲಿಲ್ಲ. ಇವರು ಮುಂಬೈಯಲ್ಲಿ ಯಾವ ಸಭೆ ಹತ್ತಿರವೋ ಅಲ್ಲಿ ಸೇರಿದರು. ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಗಳು ಈಗಲೂ ಇವೆ. ಅಲ್ಲಿನ ಸಭಾಪಾಲಕರನ್ನು, ಹಿರಿಯ ಸದಸ್ಯರನ್ನು ಮೊದಲು ಕಾಣಿ. ಊರಿನ ಸಭೆಯಿಂದ ಹೋದವರ ವಿವರಕ್ಕೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಆರ್ಕೈವ್ಸ್ ಇದೆ. ಬಾಸೆಲ್ ಮಿಷನ್ನಿನ ಹಳೆ ಕಾಗದಪತ್ರಗಳು ಅಲ್ಲಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ನಿನ ದಾಖಲೆ ಪಟ್ಟಿ ಮತ್ತು ಹಳೆ ಫೋಟೋಗಳನ್ನು ಆನ್‌ಲೈನ್‌ನಲ್ಲೇ ನೋಡಬಹುದು.

ಹಂತ 4: ಪತ್ರ ಬರೆದು, ಆಮೇಲೆ ಹೋಗಿ

ಹೇಳದೆ ಕೇಳದೆ ಹೋಗಿ ನಿಂತರೆ ಕೆಲಸ ಆಗುವುದಿಲ್ಲ. ಇಗರ್ಜಿ ಕಚೇರಿಗೆ ಮೊದಲು ಇಮೇಲ್ ಅಥವಾ ಪತ್ರ ಕಳಿಸಿ. ಇಂಗ್ಲಿಷಿನಲ್ಲಿ, ಅರ್ಧ ಪುಟ ಸಾಕು. ಹೀಗಿರಲಿ: "ಪೂಜ್ಯ ಫಾದರ್, ನಾನು ಇಂಥವರ ಮರಿಮೊಮ್ಮಗ. ಅವರು ಇಂಥ ಊರಿನವರು, 1920ರಿಂದ 1926ರ ನಡುವೆ ನಿಮ್ಮ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ತೀರಿಕೊಂಡರು ಎಂದು ನಂಬಿದ್ದೇವೆ. ಹೆಂಡತಿಯ ಹೆಸರು ಇಂಥದ್ದು. ಮರಣ ರಿಜಿಸ್ಟರಿನಲ್ಲಿ ಈ ವರ್ಷಗಳನ್ನು ನೋಡಲು ಅನುಮತಿ ಕೊಡಿ, ಅಥವಾ ಕಚೇರಿಯವರಿಂದ ನೋಡಿಸಿ. ನಮ್ಮ ಊರಿನ ಧರ್ಮಗುರುಗಳ ಪತ್ರ ಲಗತ್ತಿಸಿದ್ದೇನೆ." ಊರಿನ ಧರ್ಮಗುರುಗಳ ಪತ್ರ ತುಂಬಾ ತೂಕದ್ದು. ಅದನ್ನು ತಪ್ಪದೆ ತಗೊಳ್ಳಿ. ಜೊತೆಗೆ ನಿಮ್ಮ ಗುರುತಿನ ಚೀಟಿ, ವಂಶದ ಒಂದು ಸಣ್ಣ ನಕ್ಷೆ.

ಕ್ರಿಸ್ಮಸ್, ಪವಿತ್ರ ವಾರ, ಭಾನುವಾರ ಬೇಡ. ನವೆಂಬರ್ 2ರ ಮೃತರ ಸ್ಮರಣೆಯ ದಿನದ ಹಿಂದೆ ಮುಂದೆಯೂ ಬೇಡ, ಆಗ ಸ್ಮಶಾನದವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಜನವರಿ, ಫೆಬ್ರವರಿಯ ವಾರದ ದಿನ ಬೆಳಿಗ್ಗೆ ಒಳ್ಳೆಯದು. ಮಳೆಗಾಲದಲ್ಲಿ ಹಳೆ ಕಾಗದ ತೇವ ಕುಡಿದು ಒಂದಕ್ಕೊಂದು ಅಂಟಿರುತ್ತದೆ, ತೆರೆಯದಿರುವುದೇ ಅದಕ್ಕೆ ಕ್ಷೇಮ.

ಹಂತ 5: ರಿಜಿಸ್ಟರ್ ಓದುವುದು

ಕೈ ತೊಳೆದು, ಒರೆಸಿಕೊಂಡು ಮುಟ್ಟಿ. ಪುಟ ತಿರುಗಿಸಲು ಬೆರಳಿಗೆ ಎಂಜಲು ಹಚ್ಚಬೇಡಿ. ಪೆನ್ನು ಬೇಡ, ಪೆನ್ಸಿಲ್ ಇರಲಿ. ಫೋಟೋವನ್ನು ಕೇಳಿಯೇ ತೆಗೆಯಿರಿ, ಫ್ಲ್ಯಾಷ್ ಬೇಡ.

ಮೊದಲು ಸೂಚಿ (ಇಂಡೆಕ್ಸ್) ಇದೆಯಾ ನೋಡಿ. ಹಳೆ ಸೂಚಿಗಳಲ್ಲಿ ಮನೆತನದ ಹೆಸರಿನ ಬದಲು ಸ್ವಂತ ಹೆಸರಿನ ಅಕ್ಷರದ ಕೆಳಗೆ ಬರೆದಿರುವುದು ಉಂಟು. ಎರಡರ ಕೆಳಗೂ ನೋಡಿ. ಸೂಚಿಯಲ್ಲಿ ಸಿಗದಿದ್ದರೂ ಒಳಗಿನ ಪುಟಗಳನ್ನು ಒಂದೊಂದಾಗಿ ನೋಡಿ. ಸೂಚಿ ಬರೆದವರು ಒಂದು ಸಾಲು ಬಿಟ್ಟಿರಬಹುದು.

ಭಾಷೆ ಗೊತ್ತಿಲ್ಲ ಎಂಬ ಹೆದರಿಕೆ ಬೇಡ. ಈ ದಾಖಲೆಗಳಲ್ಲಿ ಅವೇ ಹತ್ತಿಪ್ಪತ್ತು ಪದ ಮತ್ತೆ ಮತ್ತೆ ಬರುತ್ತವೆ. ಲ್ಯಾಟಿನ್‌ನಲ್ಲಿ ಒಬಿಯಿತ್ ಎಂದರೆ ತೀರಿಕೊಂಡರು. ಸೆಪುಲ್ತುಸ್ ಎಂದರೆ ಮಣ್ಣು ಮಾಡಿದ ಗಂಡಸು, ಸೆಪುಲ್ತಾ ಹೆಂಗಸು. ಫಿಲಿಯುಸ್ ಮಗ, ಫಿಲಿಯಾ ಮಗಳು, ಉಕ್ಸೊರ್ ಹೆಂಡತಿ, ವಿದುವಾ ವಿಧವೆ. ಪೋರ್ಚುಗೀಸಿನಲ್ಲಿ ಒಬಿತು ಮರಣ, ಫಾಲೆಸೆವ್ ತೀರಿಕೊಂಡರು, ಸೊಲ್ತೆಯ್ರು ಮದುವೆಯಾಗದವರು, ಕಾಜಾದು ಮದುವೆಯಾದವರು, ಫ್ರೆಗೆಜಿಯಾ ಧರ್ಮಕೇಂದ್ರ, ಸೆಪುಲ್ತಾದು ಮಣ್ಣು ಮಾಡಲಾಯಿತು, ವಾಲಾ ಕೊಮುಂ ಸಾಮಾನ್ಯ ಗುಂಡಿ. ಇವುಗಳಿಗಿಂತ ಬೆಲೆಬಾಳುವುದು ನಾತುರಾಲ್ ದೆ. ಅಂದರೆ "ಇಂಥ ಊರಿನವರು". ಅದರ ಮುಂದೆ ಮಂಗಲೋರ್, ಕನಾರಾ ಎಂದು ಕಂಡರೆ ನಿಂತು ಓದಿ. ಬಾರ್ದೇಸ್ ಎಂದಿದ್ದರೆ ಅದು ಬಹುಶಃ ಗೋವಾದ ಇನ್ನೊಬ್ಬ ಡಿಸೋಜ. ಸಾಲ್ಸೆಟ್ ಎಂದಿದ್ದರೆ ಅದು ಗೋವಾದ ತಾಲೂಕೂ ಆಗಿರಬಹುದು, ಮುಂಬೈ ಉಪನಗರಗಳಿರುವ ದ್ವೀಪವೂ ಆಗಿರಬಹುದು.

ತಾರೀಕಿನಲ್ಲಿ ಒಂದು ತೊಡಕು ಇದೆ. ಲ್ಯಾಟಿನ್ ದಾಖಲೆಯಲ್ಲಿ ತಿಂಗಳನ್ನು 7, 8, 9, 10 ಎಂಬ ಅಂಕಿಯ ಮುಂದೆ ಬ್ರಿಸ್ ಎಂದು ಸೇರಿಸಿ ಬರೆಯುತ್ತಿದ್ದರು. 7 ಅಂದರೆ ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಇದನ್ನು ತಿಳಿಯದೆ ಸ್ಮಶಾನದ ಕಚೇರಿಗೆ ಹೋದರೆ ಅಲ್ಲಿ ಎರಡು ತಿಂಗಳ ಹಿಂದಿನ ಪುಟ ತೆಗೆಸುತ್ತೀರಿ.

ಹಂತ 6: ಸ್ಮಶಾನದ ಕಚೇರಿ

ಈಗ ನಿಮ್ಮ ಕೈಯಲ್ಲಿ ತಾರೀಕು, ಸ್ಮಶಾನದ ಹೆಸರು ಇದೆ. ಕಚೇರಿಯವರಿಗೂ ಇದು ಸಲೀಸು. ಶಿವಡಿಯಾದರೆ ಹಾರ್ಬರ್ ಲೈನಿನ ಶಿವಡಿ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಭಾಗಗಳು ಬೇರೆ, ಯಾವುದು ಬೇಕೆಂದು ಮೊದಲೇ ಹೇಳಿ. ಕಚೇರಿಯಲ್ಲಿ ಮರಾಠಿ ನಡೆಯುತ್ತದೆ. "ಜುನಂ ದಫನ್ ರಜಿಸ್ಟರ್ ಬಘಾಯ್ಚಂ ಆಹೇ" ಎಂದರೆ ವಿಷಯ ತಿಳಿಯುತ್ತದೆ, ಮುಂದಿನದನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡಿ.

ಮಣ್ಣು ಮಾಡಿದ ತಾರೀಕಿನ ಸುತ್ತ ಒಂದು ವಾರ ನೋಡಿ. ಸಾಲು ಸಿಕ್ಕಿದರೆ ಎಲ್ಲ ಕಾಲಂಗಳನ್ನೂ ಬರೆದುಕೊಳ್ಳಿ: ಕ್ರಮ ಸಂಖ್ಯೆ, ವಯಸ್ಸು, ವಿಳಾಸ, ಸಾವಿನ ಕಾರಣ, ಸಮಾಧಿಯ ದರ್ಜೆ, ಗುಂಡಿಯ ನಂಬರ್, ಹಣ ಕಟ್ಟಿದವರ ಹೆಸರು ಇದ್ದರೆ ಅದು. ಹಣ ಕಟ್ಟಿದವರು ಹೆಚ್ಚಾಗಿ ಊರಿನವರೇ, ಜೊತೆಯಲ್ಲಿ ಕೋಣೆಯಲ್ಲಿದ್ದವರು. ಆ ಹೆಸರಿನಿಂದ ಇನ್ನೊಂದು ಕುಟುಂಬದ ನೆನಪಿಗೆ ದಾರಿ ತೆರೆಯಬಹುದು. ಮೇಲಿನ ಹತ್ತು, ಕೆಳಗಿನ ಹತ್ತು ಸಾಲುಗಳನ್ನೂ ಓದಿ. ಒಂದೇ ಚಾಳಿನವರು ಒಂದೇ ವಾರ ಹೋಗಿರುವುದು ರೋಗದ ವರ್ಷಗಳಲ್ಲಿ ಕಾಣುತ್ತದೆ.

ಆಮೇಲೆ ಎರಡನೆಯ ಪ್ರಶ್ನೆ ಕೇಳಿ. ಬಹಳ ಜನ ಇದನ್ನು ಕೇಳದೆ ಬರುತ್ತಾರೆ. "ಗುಂಡಿ ತೆರೆದ ದಾಖಲೆ ಇದೆಯಾ?" ಎಲುಬು ತೆಗೆದಾಗ ಅದನ್ನೂ ಬರೆದಿದ್ದರೆ, ನಿಶ್‌ಗೆ ಹೋಯಿತೋ ಬಾವಿಗೋ ತಿಳಿಯುತ್ತದೆ. ನಿಶ್ ಎಂದಿದ್ದರೆ ಹೆಸರಿನ ಹಲಗೆ ಈಗಲೂ ಗೋಡೆಯ ಮೇಲೆ ಇರಬಹುದು. ಬಾವಿ ಎಂದಿದ್ದರೆ ಅದು ಎಲ್ಲಿದೆ ಎಂದು ಅಲ್ಲಿನ ಕೆಲಸದವರನ್ನು ಕೇಳಿ. ಅವರಲ್ಲಿ ಹಲವರು ತಲೆಮಾರಿನಿಂದ ಅಲ್ಲೇ ಇರುವವರು, ನಕ್ಷೆಯಲ್ಲಿ ಇಲ್ಲದ್ದೂ ಅವರಿಗೆ ಗೊತ್ತಿರುತ್ತದೆ. ಅವರನ್ನು ಕಾಕಾ, ದಾದಾ ಎಂದು ಗೌರವದಿಂದ ಮಾತಾಡಿಸಿ. ನಮ್ಮವರನ್ನು ಇಷ್ಟು ಕಾಲ ನೋಡಿಕೊಂಡವರು ಅವರೇ.

ಹಂತ 7: ಮುನಿಸಿಪಾಲಿಟಿಯ ಮರಣ ದಾಖಲೆ

ಇಗರ್ಜಿಯಲ್ಲಿ ಏನೂ ಸಿಗದಿದ್ದರೆ ಇದೇ ಮುಖ್ಯ ದಾರಿ. ಸಿಕ್ಕಿದ್ದರೂ ತಾಳೆ ನೋಡಲು ಬೇಕು.

ಮುಂಬೈ ಮಹಾನಗರಪಾಲಿಕೆಯ ವಾರ್ಡ್ ಕಚೇರಿಯ ಆರೋಗ್ಯ ವಿಭಾಗದಲ್ಲಿ ಅರ್ಜಿ ಕೊಡಬೇಕು. ಸಾವು ಎಲ್ಲಿ ಆಯಿತೋ ಆ ವಾರ್ಡಿನಲ್ಲಿ ದಾಖಲಾಗುತ್ತದೆ, ಮನೆ ಇದ್ದ ವಾರ್ಡಿನಲ್ಲಿ ಅಲ್ಲ. ಗಿರ್ಗಾಂವ್‌ನಲ್ಲಿ ವಾಸ, ಜೆಜೆ ಆಸ್ಪತ್ರೆಯಲ್ಲಿ ಸಾವು ಎಂದಾದರೆ ಬೈಕಲಾದ ಇ ವಾರ್ಡ್. ಪರೇಲಿನ ಕೆಇಎಂ ಅಥವಾ ಶಿವಡಿಯ ಕ್ಷಯ ಆಸ್ಪತ್ರೆಯಾದರೆ ಎಫ್ ಸೌತ್. ಗಿರಣಿ, ಹೋಟೆಲ್ ಕೆಲಸದವರಲ್ಲಿ ಕ್ಷಯ ಜಾಸ್ತಿ ಇತ್ತು, ಆದ್ದರಿಂದ ಆಸ್ಪತ್ರೆಯ ಸಾಧ್ಯತೆಯನ್ನು ಮರೆಯಬೇಡಿ.

ಉಪನಗರದವರಿಗೆ ಒಂದು ಎಚ್ಚರಿಕೆ. ಬಾಂದ್ರಾ, ಕುರ್ಲಾ, ಅಂಧೇರಿ ಕಡೆ ಮುಂಬೈ ಪಾಲಿಕೆಗೆ ಸೇರಿದ್ದು 1950ರಲ್ಲಿ, ಅದರ ಆಚೆಯ ಭಾಗ 1957ರಲ್ಲಿ. ಅದಕ್ಕಿಂತ ಹಿಂದಿನ ಸಾವು ಅಲ್ಲಿನ ಆಗಿನ ಸ್ಥಳೀಯ ಸಂಸ್ಥೆಯ ಪುಸ್ತಕದಲ್ಲಿ ಬರೆದಿರುತ್ತದೆ. ಈಗಿನ ವಾರ್ಡ್ ಕಚೇರಿಯಲ್ಲಿ "ಹಿಂದಿನ ಮುನಿಸಿಪಾಲಿಟಿಯ ಪುಸ್ತಕ ಎಲ್ಲಿದೆ?" ಎಂದು ನಿರ್ದಿಷ್ಟವಾಗಿ ಕೇಳಿ.

1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ದಾಖಲೆ ಹುಡುಕಿಸಬಹುದು, ಪ್ರತಿ ಪಡೆಯಬಹುದು. ಆದರೆ ಆ ಪ್ರತಿಯಲ್ಲಿ ಸಾವಿನ ಕಾರಣ ಕೊಡುವುದಿಲ್ಲ. ಕಾರಣ ಬೇಕಾದರೆ ಸ್ಮಶಾನದ ರಿಜಿಸ್ಟರೇ ಗತಿ. ಸಿಗದಿದ್ದರೆ "ದಾಖಲೆ ಲಭ್ಯವಿಲ್ಲ" ಎಂಬ ಪತ್ರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಬಾಯಿಮಾತಿನ ಇಲ್ಲ ಸಾಕಾಗದು. ಯಾವ ವರ್ಷಗಳನ್ನು ನೋಡಿದರು ಎಂಬುದು ಅದರಲ್ಲಿ ಇದ್ದರೆ ಮುಂದೆ ಅದೇ ಪುಸ್ತಕವನ್ನು ಮತ್ತೆ ತೆಗೆಸಬೇಕಾಗುವುದಿಲ್ಲ.

ಹಂತ 8: ಬೇರೆ ಬಾಗಿಲುಗಳು

ಅಪಘಾತ, ಆತ್ಮಹತ್ಯೆ, ರಸ್ತೆಯಲ್ಲಿ ಹಠಾತ್ ಸಾವು ಎಂದಿದ್ದರೆ ಕೊರೋನರ್, ಅಂದರೆ ಅಸಹಜ ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ, ವಿಚಾರಣೆ ನಡೆಸಿರಬಹುದು. ಮುಂಬೈಯಲ್ಲಿ ಕೊರೋನರ್ ಕೋರ್ಟ್ 1999ರವರೆಗೆ ಇತ್ತು.

ಹಡಗಿನವರಾದರೆ ಅವರಿಗೆ ಮಣ್ಣೇ ಸಿಗದಿರಬಹುದು. ಮಸ್ಜಿದ್ ಬಂದರಿನ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಸಮುದ್ರದಲ್ಲೇ ಹೋದ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕ ಇದೆ. ಎರಡನೆಯ ಯುದ್ಧದವರ ಹೆಸರುಗಳ ಪುಸ್ತಕವೂ ಇದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಈ ಹೆಸರುಗಳನ್ನು ದುಡ್ಡಿಲ್ಲದೆ ಹುಡುಕಬಹುದು. ಪುಣೆಯ ಖಡಕಿಯ ಯುದ್ಧ ಸ್ಮಾರಕದ ಹೆಸರುಗಳೂ ಅಲ್ಲೇ ಸಿಗುತ್ತವೆ.

ಪತ್ರಿಕೆಗಳನ್ನೂ ನೋಡಿ. ಮುಂಬೈಯ ಕ್ಯಾಥೊಲಿಕ್ ವಾರಪತ್ರಿಕೆ ಎಕ್ಸಾಮಿನರ್ 1850ರಿಂದ ಬರುತ್ತಿದೆ. ಮಂಗಳೂರಿನ ರಾಕ್ಣೊ 1938ರಲ್ಲಿ ಶುರುವಾಯಿತು, ಕನ್ನಡ ಲಿಪಿಯ ಕೊಂಕಣಿ, ನಮಗೆ ಓದಲು ಸುಲಭ. ಕೂಲಿಯವರ ಸಾವು ಪತ್ರಿಕೆಯಲ್ಲಿ ಬರುವುದು ಅಪರೂಪ, ಆದರೂ ಸಂಬಂಧಿಕರು ಹಾಕಿಸಿದ ವರ್ಷದ ಸ್ಮರಣೆಯ ಪ್ರಕಟಣೆ ಸಿಗಬಹುದು.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/3 ಎಂಬ ಸಾಲಿನಲ್ಲಿ ಬೊಂಬಾಯಿ ಪ್ರಾಂತ್ಯದ ಜ್ಞಾನಸ್ನಾನ, ಮದುವೆ, ದಫನದ ಪ್ರತಿಗಳಿವೆ. ಫೈಂಡ್‌ಮೈಪಾಸ್ಟ್ ಎಂಬ ತಾಣದಲ್ಲಿ ದುಡ್ಡು ಕೊಟ್ಟು ನೋಡಬಹುದು. ಅದರಲ್ಲಿ ಹೆಚ್ಚಿನವರು ಯುರೋಪಿಯನ್ನರು. ಅದಕ್ಕೇ ಮೊದಲ ದಿನವೇ ಅದಕ್ಕೆ ದುಡ್ಡು ಸುರಿಯಬೇಡಿ ಎಂದು ನನ್ನ ಸಲಹೆ. ಫ್ಯಾಮಿಲಿಸರ್ಚ್ ಉಚಿತ. ಅಲ್ಲಿ ಹೆಸರು ಹಾಕಿ ಹುಡುಕುವುದರ ಜೊತೆಗೆ ಕ್ಯಾಟಲಾಗಿನಲ್ಲಿ ಊರಿನ ಹೆಸರು ಹಾಕಿ ನೋಡಿ. ಹಲವು ಪುಸ್ತಕಗಳ ಸ್ಕ್ಯಾನ್ ಇರುತ್ತದೆ, ಸೂಚಿ ಇರುವುದಿಲ್ಲ.

ಮುಸ್ಲಿಂ ಮನೆಗಳವರು, ಬ್ಯಾರಿ ಇರಲಿ ನವಾಯತ ಇರಲಿ, ಮರೀನ್ ಲೈನ್ಸ್‌ನ ಬಡಾ ಕಬ್ರಸ್ತಾನದಿಂದ ಶುರು ಮಾಡಬಹುದು. ಅದನ್ನು ಜುಮ್ಮಾ ಮಸ್ಜಿದ್ ಆಫ್ ಬಾಂಬೆ ಟ್ರಸ್ಟ್ ನೋಡಿಕೊಳ್ಳುತ್ತದೆ. ಅಲ್ಲೂ ಗುಂಡಿಗಳನ್ನು ಮತ್ತೆ ಬಳಸುವ ಪದ್ಧತಿ ಇದೆ, ಹುಡುಕಾಟ ಕಾಗದದಲ್ಲೇ. ಲಿಂಗಾಯತರಲ್ಲಿ ಸಮಾಧಿ ಮಾಡುವ ಸಂಪ್ರದಾಯ ಇರುವುದರಿಂದ ಮುಂಬೈ, ಪುಣೆಯ ಸಮಾಜದ ಸಂಘಗಳು ಮತ್ತು ಸಂಸ್ಕಾರ ಮಾಡಿಸಿದ ಜಂಗಮರ ಮನೆತನ ಮೊದಲ ಸುಳಿವು ಕೊಡುತ್ತವೆ. ಎಳೆ ಮಕ್ಕಳನ್ನು ಸುಡದೆ ಮಣ್ಣು ಮಾಡುವ ಹಿಂದೂ ಮನೆಗಳವರಿಗೆ ಪಾಲಿಕೆಯ ಸ್ಮಶಾನದ ಪುಸ್ತಕ ಮತ್ತು ವಾರ್ಡಿನ ಮರಣ ದಾಖಲೆ, ಇವೆರಡೇ ದಾರಿ. ಅಲ್ಲಿ ಮಗುವಿಗೆ ಹೆಸರು ಇರುವುದಿಲ್ಲ, ತಂದೆಯ ಹೆಸರಿನಲ್ಲಿ ನೋಡಬೇಕು.

ಹಂತ 9: ಸಿಕ್ಕ ಮೇಲೆ

ಕಾಮನ್ ಗ್ರೇವ್ ಮೇಲೆ ಕಲ್ಲು ನಿಲ್ಲಿಸಲು ಬಿಡುವುದಿಲ್ಲ. ಅದಕ್ಕಾಗಿ ವಾದ ಮಾಡಬೇಡಿ, ಆ ಜಾಗ ಈಗ ಇನ್ನೊಬ್ಬರ ತಂದೆಯದ್ದು. ಮಾಡಬಹುದಾದ್ದು ಬೇರೆ ಇದೆ. ಆ ಸ್ಮಶಾನದ ಪ್ರಾರ್ಥನಾಲಯದಲ್ಲಿ ಅಥವಾ ಅವರ ಹಳೆ ಇಗರ್ಜಿಯಲ್ಲಿ ಬಲಿಪೂಜೆ ಕೊಡಿಸಿ. ಊರಿನಲ್ಲಿ ಕುಟುಂಬದ ಸಮಾಧಿ ಇದ್ದರೆ ಅದರ ಕಲ್ಲಿನ ಮೇಲೆ ಅವರ ಹೆಸರನ್ನೂ ಸೇರಿಸಿ, ತಾರೀಕು ಹಾಕಿ, "ಮುಂಬೈಯ ಶಿವಡಿಯಲ್ಲಿ ಮಣ್ಣಾದವರು" ಎಂದು ಬರೆಸಿ. ಹೆಂಡತಿಯ ಹೆಸರಿನ ಪಕ್ಕದಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ಎಷ್ಟೋ ಹೆಂಗಸರು ಗಂಡ ಎಲ್ಲಿದ್ದಾರೆ ಎಂದು ತಿಳಿಯದೆಯೇ ಹೋಗಿದ್ದಾರೆ.

ದಾಖಲೆಯನ್ನು ಬರೆದಿಡುವಾಗ ಪುಸ್ತಕ ಯಾವ ಕಚೇರಿಯಲ್ಲಿದೆ, ಯಾವ ವರ್ಷದ ಸಂಪುಟ, ಪುಟ ಎಷ್ಟು, ಸಾಲು ಎಷ್ಟು, ನೀವು ನೋಡಿದ ತಾರೀಕು ಯಾವುದು, ಎಲ್ಲವನ್ನೂ ಸೇರಿಸಿ. ಮೂಲದಲ್ಲಿ ಇದ್ದ ಹಾಗೆ ಅಕ್ಷರ ಬಿಡದೆ ನಕಲು ಮಾಡಿ, ನಿಮ್ಮ ಅರ್ಥವನ್ನು ಅದರ ಕೆಳಗೆ ಬೇರೆಯಾಗಿ ಬರೆಯಿರಿ. ಹುಡುಕಿಯೂ ಸಿಗದ ಪುಸ್ತಕಗಳ ಪಟ್ಟಿಯನ್ನೂ ಇಡಿ. ಇದರ ಒಂದು ಪ್ರತಿ ಮನೆಯ ಬೈಬಲ್‌ನಲ್ಲಿರಲಿ, ಇನ್ನೊಂದನ್ನು ಊರಿನ ಇಗರ್ಜಿಯ ಕಚೇರಿಗೆ ಕೊಡಿ. ಅದೇ ಮನೆತನದ ಬೇರೆ ಕವಲಿನವರು ಮುಂದೊಂದು ದಿನ ಕೇಳಿಕೊಂಡು ಬಂದರೆ ನೀವು ನಿಲ್ಲಿಸಿದ ಪುಟದಿಂದ ಅವರು ಮುಂದುವರಿಸಬಹುದು.